ಬಳಕೆಗೆ ಬರುವಾಗಲೇ ಕೊಟ್ಟುಬಿಡೋಣ

ರಜೆ ಬಂತೆಂದರೆ ಎಲ್ಲಿಗಾದರೂ ಹೋಗಲೇಬೇಕು ಎಂಬ ಒತ್ತಾಯ ಈಗ ಮನೆಮನೆಯಲ್ಲೂ ಇದೆ. ನನಗೆ ಮಾತ್ರ ಬಿಡುವಿನ ಭಾನುವಾರವನ್ನು ಮನೆಯಲ್ಲೇ ಕಳೆಯುವುದು ಇಷ್ಟ. ತಿಂಡಿ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ರೇಡಿಯೊ ಹಚ್ಚಿ ಒಂದು ಕಪಾಟಿನ ಮುಂದೆ ಕೂತರೆ ಊಟದ ಹೊತ್ತಿಗೆ ಕಣ್ಣಿಗೆ ಕಾಣುವಂಥ ಕೆಲಸ ಆಗಿರುತ್ತದೆ. ಬ್ಯಾಂಕಿನಲ್ಲಿ ದುಡಿಯುತ್ತಿದ್ದಾಗ ಸಂಜೆ ಲೆಕ್ಕ ತಾಳೆಯಾದರೆ ಸಿಗುತ್ತಿದ್ದ ಸಮಾಧಾನವೇ ಇಲ್ಲೂ ಸಿಗುತ್ತದೆ. ನಿವೃತ್ತಿಯ ನಂತರ ಮೈಸೂರಿನ ನಮ್ಮ ಮನೆಯ ಒಂದೊಂದೇ ಅಟ್ಟ, ಒಂದೊಂದೇ ಡ್ರಾಯರ್ ಬಿಚ್ಚುತ್ತಾ ಬಂದಂತೆ ಒಂದು ಮಾತು ನನಗೆ ಸ್ಪಷ್ಟವಾಗಿದೆ: ನಮಗೆ ಬೇಡವಾದ ವಸ್ತು ಇನ್ನೊಬ್ಬರ ಬಳಕೆಗೆ ಬರುವಾಗಲೇ ನಮ್ಮ ಕೈ ದಾಟಬೇಕು.

‘ಇರಲಿ ಬಿಡು, ಯಾವಾಗಲಾದರೂ ಬೇಕಾಗುತ್ತೆ’ ಎನ್ನುವುದು ಹಿರಿಯರ ಮಾತು. ಕೊರತೆ ಕಂಡವರ ಮಾತದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಮನೆಗಳಲ್ಲಿ ಎತ್ತಿಟ್ಟದ್ದು ಸುಮ್ಮನೆ ಬಿದ್ದಿರುತ್ತಿರಲಿಲ್ಲ. ಧಾರವಾಡದ ನನ್ನ ತವರಿನಲ್ಲಿ ಉಟ್ಟು ಸವೆದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಬಟ್ಟೆ ಹಚ್ಚಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲು ಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದರು. ಕೌದಿ ಹರಿದ ಮೇಲೆ ಅದೇ ಬಟ್ಟೆ ಒಲೆಯ ಮುಂದಿನ ಮಸಿಅರಿವೆಯಾಗುತ್ತಿತ್ತು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಇಂದಿಗೂ ಹಾಗೇ ಕೌದಿ ಹೊಲಿಯುತ್ತಾರೆ. ಆ ಉಳಿತಾಯದಲ್ಲಿ ವಸ್ತು ಕೈಯಿಂದ ಕೈಗೆ ಓಡಾಡುತ್ತಿತ್ತು. ನಾವು ಅವರ ಮಾತನ್ನಷ್ಟೇ ಉಳಿಸಿಕೊಂಡಿದ್ದೇವೆ, ಕೈಕೆಲಸವನ್ನು ಬಿಟ್ಟಿದ್ದೇವೆ. ಹೀಗಾಗಿ ಕೊಂಡದ್ದೆಲ್ಲ ಅಟ್ಟ ಸೇರುತ್ತಿದೆ.

ಅಟ್ಟದಲ್ಲಿಟ್ಟ ವಸ್ತು ಇಟ್ಟ ಹಾಗೇ ಇರುತ್ತದೆ ಎಂದುಕೊಂಡರೆ ಅದು ತಪ್ಪು. ಡಬ್ಬಿ ಬಿಚ್ಚದೆ ಜೋಪಾನ ಮಾಡಿದ ಶೂ ತೆಗೆದು ನೋಡಿ. ಪಾಲಿಯುರೆಥೇನ್ ಅಟ್ಟೆಯಾಗಿದ್ದರೆ ಗಾಳಿಯ ತೇವಕ್ಕೇ ಒಳಗೊಳಗೆ ಸಡಿಲವಾಗಿ, ಹೆಬ್ಬೆರಳಿನಿಂದ ಒತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ. ಮಡಿಕೆ ಬದಲಿಸದ ರೇಷ್ಮೆ ಸೀರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಬಿರುಸಾಗುತ್ತದೆ, ಮಕ್ಕಳ ಚಡ್ಡಿಯ ಎಲಾಸ್ಟಿಕ್ ಸಾಯುತ್ತದೆ, ವಾಕರ್‌ನ ಕಾಲಿಗೆ ಹಾಕಿದ ರಬ್ಬರ್ ಬಿರುಕು ಬಿಡುತ್ತದೆ. ನಮ್ಮ ಅತ್ತೆಯವರು ತೀರಿಕೊಂಡ ಮೇಲೆ ಅವರ ವಾಕರ್ ಮತ್ತು ಕಮೋಡ್ ಕುರ್ಚಿಯನ್ನು ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಬೀದಿಯ ಕೊನೆಯ ಮನೆಯವರಿಗೆ ಕೊಟ್ಟೆವು. ಆ ಮನೆಯ ಯಜಮಾನರು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದರು. ಅತ್ತೆಯವರ ನೆನಪಿಗೆ ಅದಕ್ಕಿಂತ ದೊಡ್ಡ ಗೌರವ ನನಗೆ ತೋಚಲಿಲ್ಲ.

ಕೊಡಲಾಗದ ವಸ್ತುಗಳೂ ಇರುತ್ತವೆ. ಅವುಗಳಲ್ಲಿ ಮೊದಲು ಕೈಹಾಕಬೇಕಾದದ್ದು ಔಷಧಿ ಡಬ್ಬಿಗೆ. ಕತ್ತರಿಸಿದ ಪಟ್ಟಿಗಳಲ್ಲಿ ನಾಲ್ಕಾರು ಮಾತ್ರೆ ಉಳಿದಿರುತ್ತವೆ, ಅವಧಿ ಮುಗಿಯುವ ತಾರೀಕು ಅಂಗಡಿಯವರು ಕತ್ತರಿಸಿಟ್ಟುಕೊಂಡ ತುಂಡಿನಲ್ಲಿ ಹೋಗಿರುತ್ತದೆ. ತಾರೀಕು ಗೊತ್ತಿಲ್ಲದ ಮಾತ್ರೆಯನ್ನು ನಾನು ಮನೆಯಲ್ಲಿ ಇಡುವುದಿಲ್ಲ. ಹಾಗೆಂದು ಬಚ್ಚಲಿಗೂ ಸುರಿಯುವುದಿಲ್ಲ. ಚರಂಡಿ ಸೇರಿದ ಆ್ಯಂಟಿಬಯೋಟಿಕ್ ನೀರಿಗೆ ಇಳಿಯುತ್ತದೆ. ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯಲು ಅದೂ ಒಂದು ದಾರಿ. 2016ರ ಘನತ್ಯಾಜ್ಯ ನಿಯಮಗಳೇ ಅವಧಿ ಮೀರಿದ ಔಷಧಿ, ಟ್ಯೂಬ್‌ಲೈಟ್, ಬ್ಯಾಟರಿ, ಬಣ್ಣದ ಡಬ್ಬ, ಸೂಜಿಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯ ಎಂದು ಹೆಸರಿಸಿ, ಬೇರೆಯಾಗಿ ಕೊಡಬೇಕು ಎಂದವು. ನಾವು ಬೇರೆ ಮಾಡಿದ್ದನ್ನು ಬೇರೆಯಾಗಿಯೇ ಒಯ್ಯುವ ವ್ಯವಸ್ಥೆ ಪ್ರತಿ ಬೀದಿಗೂ ಬರಬೇಕು.

ಆಮೇಲೆ ವೈರು, ಚಾರ್ಜರು, ಹಳೇ ಮೊಬೈಲುಗಳ ಡ್ರಾಯರ್. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿರುವ ಫೋನ್ ಇದ್ದರೆ ಅದನ್ನು ಒತ್ತಬಾರದು, ಚಾರ್ಜಿಗೆ ಹಾಕಬಾರದು, ಬೆಂಕಿ ಹೊತ್ತಿಕೊಳ್ಳಬಹುದು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ–ತ್ಯಾಜ್ಯ ಹುಟ್ಟಿತೆಂದೂ ಸರಿಯಾಗಿ ಮರುಬಳಕೆಯಾಗಿ ಲೆಕ್ಕಕ್ಕೆ ಸಿಕ್ಕಿದ್ದು ಅದರ ಕಾಲುಭಾಗಕ್ಕಿಂತ ಕಡಿಮೆಯೆಂದೂ ವಿಶ್ವಸಂಸ್ಥೆಯ 2024ರ ವರದಿ ಹೇಳಿದೆ. ಕೆಟ್ಟ ಮಿಕ್ಸಿಯನ್ನು ಕೆಜಿ ಲೆಕ್ಕದಲ್ಲಿ ಮಾರಿದರೆ ಕೈಗೆ ಬರುವುದು ಚಿಲ್ಲರೆ ಕಾಸು. ತಾಮ್ರಕ್ಕಾಗಿ ಅದರ ವೈರನ್ನು ಎಲ್ಲೋ ಸುಟ್ಟರೆ ಆ ಹೊಗೆ ಕುಡಿಯುವುದು ಇನ್ನೊಬ್ಬರ ಮಗು. ಇ–ತ್ಯಾಜ್ಯ ನಿರ್ವಹಣೆಗೆ ಪರವಾನಗಿ ಪಡೆದವರಿಗೇ ಅದನ್ನು ತಲುಪಿಸುವ ಶ್ರಮ ನಮ್ಮದಾಗಬೇಕು.

ಈ ಕೆಲಸ ಮನೆಯ ಹೆಂಗಸೊಬ್ಬಳ ತಲೆಗೆ ಕಟ್ಟುವಂಥದ್ದೂ ಅಲ್ಲ. ಆಯುಧಪೂಜೆಯ ಹಿಂದಿನ ದಿನ, ಯುಗಾದಿಯ ಮುಂಚೆ ಎಲ್ಲವನ್ನೂ ಒಟ್ಟಿಗೇ ಕೆಳಗಿಳಿಸಿ ಸೊಂಟ ಹಿಡಿಸಿಕೊಳ್ಳುವುದು ಅವಳೇ. ದಿನಕ್ಕೆ ಒಂದೇ ಕಪಾಟು ಸಾಕು. ನಮ್ಮನೆಯಲ್ಲಿ ಮೆಟ್ಟಿಲುಕುರ್ಚಿ ಹತ್ತಿ ಇಳಿಸಿಕೊಡುವುದು ನಮ್ಮ ಯಜಮಾನರ ಪಾಲು. ಮೊಮ್ಮಗಳು ತನ್ನ ಆಟಿಕೆಗಳನ್ನು ತಾನೇ ಆರಿಸುತ್ತಾಳೆ, ಒರೆಸುತ್ತಾಳೆ, ಕೊಡುತ್ತಾಳೆ. ಕೊಡುವ ಬಟ್ಟೆಯನ್ನು ಒಗೆದು, ಹೋದ ಗುಂಡಿ ಹಾಕಿ, ಮಡಚಿ ಕೊಡಬೇಕೆಂಬುದು ನನ್ನ ಹಟ. ಹರಿದದ್ದನ್ನೂ ಕೊಳೆಯಾದದ್ದನ್ನೂ ಬಡವರ ಮನೆಗೆ ದಾಟಿಸುವುದು ದಾನವಾಗದು.

2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಊರು ನಮ್ಮ ಮೈಸೂರು. ಕುಂಬಾರಕೊಪ್ಪಲಿನ ಘಟಕದಲ್ಲಿ ಕಸವನ್ನು ಕೈಯಿಂದ ವಿಂಗಡಿಸಿ ಮರುಬಳಕೆಗೆ ಕಳಿಸುವವರು ಆ ಹೆಸರಿಗೆ ದುಡಿದವರು. ವಿದ್ಯಾರಣ್ಯಪುರಂ ಬಳಿಯ ಸೂಯೆಜ್ ಫಾರಂನಲ್ಲಿ ವರ್ಷಗಟ್ಟಲೆ ಬೆಳೆದ ಕಸದ ಗುಡ್ಡ ಏನೆಂಬುದೂ ಅದರ ವಾಸನೆ ಕುಡಿದು ಬದುಕಿದ ಬಡಾವಣೆಗಳಿಗೆ ಗೊತ್ತು. 2023ರ ಮೇ ತಿಂಗಳಲ್ಲಿ ಕೇಂದ್ರದ ಅಭಿಯಾನವೊಂದರ ಅಂಗವಾಗಿ ದೇಶದ ನಗರಗಳಲ್ಲಿ ಹಳೆಯ ಬಟ್ಟೆ, ಪುಸ್ತಕ, ಆಟಿಕೆ, ಚಪ್ಪಲಿ ಪಡೆಯುವ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳು ತೆರೆದವು. ಒಳ್ಳೆಯ ಹೆಜ್ಜೆ. ಅಂಥ ಕೇಂದ್ರ ಪ್ರತಿ ವಾರ್ಡಿನಲ್ಲೂ ವರ್ಷಪೂರ್ತಿ ಬಾಗಿಲು ತೆರೆದಿರಬೇಕು. ಕೆಟ್ಟ ವಸ್ತುವನ್ನು ಪಡೆಯುವ ಕಿಟಕಿ ಒಂದು, ಬಳಸಬಹುದಾದದ್ದನ್ನು ಪಡೆಯುವ ಕಿಟಕಿ ಇನ್ನೊಂದು, ಪಕ್ಕದಲ್ಲೇ ಕುಕ್ಕರ್, ಛತ್ರಿ, ಮಿಕ್ಸಿ ರಿಪೇರಿ ಮಾಡುವವರಿಗೆ ಒಂದು ಮೇಜು. ಔಷಧಿ ಅಂಗಡಿಗಳು ಉಳಿದ ಮಾತ್ರೆಗಳನ್ನು ವಾಪಸು ಪಡೆಯುವುದೂ ಕಡ್ಡಾಯವಾಗಲಿ. ಇಂಥ ಕೇಂದ್ರಗಳಿಗೆ ಬೇಕಾದ ಜಾಗ, ಹಣ ನಗರಪಾಲಿಕೆಗಳಿಗೆ ದೊಡ್ಡ ಹೊರೆಯಲ್ಲ.

ಅಲ್ಲಿಯವರೆಗೆ ನಾವು ಕಾಯಬೇಕಾಗಿಯೂ ಇಲ್ಲ. ಮುಂದಿನ ಭಾನುವಾರ ಒಂದು ಕಪಾಟು ಬಿಚ್ಚಿ, ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು ಇದು ಈಗ ಯಾರಿಗೆ ಬೇಕು ಎಂದು ಕೇಳಿಕೊಳ್ಳಿ. ಒಂದು ಹೆಸರು ಹೊಳೆದರೆ, ಅವರಿಗೆ ಒಪ್ಪಿಗೆಯಿದ್ದರೆ, ಅಂದು ಸಂಜೆಯೇ ತಲುಪಿಸಿಬಿಡಿ.