ಅಳತೆಯಿಲ್ಲದ ನಕ್ಷೆ ಯಾರ ತಲೆಗೆ?

ಹೋಟೆಲಿನಲ್ಲಾಗಲಿ ಗಿರಣಿಯಲ್ಲಾಗಲಿ ಹೊಸದೊಂದು ಸಾಮಾನು ಮಾಡಿಸಬೇಕಾದಾಗ ನಮ್ಮವರ ಕೈಗೆ ಒಂದು ಚೀಟಿ ಬರುತ್ತದೆ. ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಗೀಟು, ಪಕ್ಕದಲ್ಲಿ "ಆರಡಿ, ಎರಡಡಿ" ಎಂಬ ಬರಹ. ಅದನ್ನು ವೆಲ್ಡಿಂಗ್ ಶೆಡ್ಡಿಗೋ ಲೇತ್ ಅಂಗಡಿಗೋ ಒಯ್ಯುವವನು ಕಾರ್ಮಿಕ. ಸಾಮಾನು ಚೆನ್ನಾಗಿ ಬಂದರೆ ಹೊಗಳಿಕೆ ಧಣಿಗೆ, ಕೆಟ್ಟು ಬಂದರೆ ಬೈಗುಳ ಚೀಟಿ ಒಯ್ದವನಿಗೆ. ಇದು ನಿಲ್ಲಬೇಕಾದರೆ ನಕ್ಷೆಯ ಮೇಲೆ ಅಳತೆ ಹಾಕುವುದನ್ನು ನಮ್ಮ ಬಂಧುಗಳು ಕಲಿಯಬೇಕೆಂದು ನಾವು ಹೇಳುತ್ತೇವೆ. ಎಂಟನೆಯ ತರಗತಿ ದಾಟದವರಿಗೆ ಇಂಜಿನಿಯರರ ವಿದ್ಯೆ ಏಕೆಂದು ನಗುವವರು ನಗಲಿ.

ಹಿಮಾಯತ್‌ನಗರದ ಒಂದು ಹೋಟೆಲಿನಲ್ಲಿ ನಾವು ತಟ್ಟೆ ತೊಳೆಯುತ್ತಿದ್ದಾಗ ನಡೆದುದನ್ನು ಹೇಳುತ್ತೇವೆ. ಪಾತ್ರೆ ತೊಳೆಯುವ ಸಿಂಕ್ ಕೂರಿಸಿದ ಸ್ಟೀಲ್ ಮೇಜೊಂದು ಬೇಕಾಗಿತ್ತು. ಕುಂದಾಪುರದ ಕಡೆಯ ಒಬ್ಬ ಹುಡುಗ ಚೀಟಿ ತೆಗೆದುಕೊಂಡು ಹೋದ. ಹತ್ತು ದಿನಕ್ಕೆ ಮೇಜು ಬಂತು. ಉದ್ದ ಅಗಲ ಸರಿಯಾಗಿತ್ತು; ಸಿಂಕ್ ಮಾತ್ರ ಎಡಕ್ಕೆ ಕೂತಿತ್ತು, ಮೋರಿ ಇದ್ದುದು ಬಲಕ್ಕೆ. ಎತ್ತರವಂತೂ ಹುಡುಗರ ಎದೆಮಟ್ಟ. ಮೂರು ತಿಂಗಳು ಆ ಹುಡುಗನ ಸಂಬಳದಲ್ಲಿ ಹಣ ಹಿಡಿದರು. ಅವನ ಪರವಾಗಿ ಕೇಳಹೋದಾಗ "ಬಾಯಲ್ಲಿ ಹೇಳಿದ್ದೆವು, ಅವನು ಹೇಳಲಿಲ್ಲ" ಎಂಬ ಉತ್ತರ ಬಂತು. ಚೀಟಿ ತೋರಿಸಿ ವಾದ ಮಾಡೋಣವೆಂದರೆ ಚೀಟಿಯಲ್ಲಿ ಏನಿತ್ತು? ಎಡವೆಂದೂ ಇಲ್ಲ, ಬಲವೆಂದೂ ಇಲ್ಲ, ಎತ್ತರವೂ ಇಲ್ಲ.

ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೇರವಾಗಿ ನೋಡಿದಂತೆ ಬೇರೆ ಬೇರೆ ಚಿತ್ರ ಬರೆಯುವುದಕ್ಕೆ ಲಂಬ ಪ್ರಕ್ಷೇಪ ಎನ್ನುತ್ತಾರೆ. ಇಂಗ್ಲಿಷಿನವರ ಆರ್ಥೋಗ್ರಾಫಿಕ್ ಪ್ರೊಜೆಕ್ಷನ್ ಇದೇ. ಇದನ್ನು ಶಾಸ್ತ್ರವಾಗಿ ಕಟ್ಟಿದವನು ಫ್ರಾನ್ಸಿನ ಗ್ಯಾಸ್ಪಾರ್ ಮೊಂಜ್, 1746ರಲ್ಲಿ ಹುಟ್ಟಿದ ಒಬ್ಬ ಸಣ್ಣ ವ್ಯಾಪಾರಿಯ ಮಗ. ಮೆಜಿಯೇರಿನ ಸೈನಿಕ ಶಾಲೆಯಲ್ಲಿ ಕುಲೀನರ ಮಕ್ಕಳಿಗೆ ಮಾತ್ರ ಅಧಿಕಾರಿಯ ಓದು. ಇವನನ್ನು ನಕ್ಷೆ ಬರೆಯುವ ಕೆಲಸಕ್ಕೆ ಇಟ್ಟರು. ಅಲ್ಲಿಯೇ ಅವನು ಕೋಟೆ ಕಟ್ಟುವ ಲೆಕ್ಕವನ್ನು ಗೀಟಿನಲ್ಲಿ ಬಿಡಿಸುವ ದಾರಿ ಕಂಡ. ಅಧಿಕಾರಿಗಳು ಅದನ್ನು ಬಹುಕಾಲ ಸೇನೆಯ ಗುಟ್ಟಾಗಿಟ್ಟರು. ಕೂಲಿಯವನ ವಿದ್ಯೆ ಉಪಯೋಗಕ್ಕೆ ಬಂದ ಕೂಡಲೆ ಬೀಗ ಹಾಕುವುದು ಹಳೆಯ ಪದ್ಧತಿಯೇ ಸರಿ.

ನೋಟಗಳು ಆಕಾರವನ್ನು ಹೇಳುತ್ತವೆ, ಎಷ್ಟೆಂಬುದನ್ನು ಹೇಳುವುದು ಅಳತೆ. ಅದೇ ಮೇಜನ್ನು ಬರೆಯೋಣ: ಉದ್ದ 1800, ಅಗಲ 600, ಎತ್ತರ 850 ಮಿಲಿಮೀಟರ್. ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ಕಾಗದದ ಮೇಲೆ ಉದ್ದ 180 ಮಿ.ಮೀ. ಆಗುತ್ತದೆ, ಆದರೆ ಬರೆಯಬೇಕಾದ ಅಂಕಿ 1800. ಸ್ಕೇಲು ಇಟ್ಟು ಚಿತ್ರದಿಂದ ಅಳತೆ ತೆಗೆಯಲಾಗದು. ಬರೆದ ಅಂಕಿಯೇ ಪ್ರಮಾಣ. ಈಗ ನಕ್ಷೆಯ ಫೋಟೋ ಫೋನಿನಲ್ಲಿ ಬರುವುದರಿಂದ ಈ ಮಾತು ಇನ್ನೂ ಮುಖ್ಯ, ಒಂದೊಂದು ಫೋನಿನಲ್ಲಿ ಒಂದೊಂದು ಗಾತ್ರ ಕಾಣುತ್ತದೆ. ಅಂಚಿನಿಂದ ಸಣ್ಣ ಗೆರೆಗಳನ್ನು ಹೊರಗೆಳೆದು, ಅವುಗಳ ನಡುವೆ ಎರಡು ತುದಿಗೂ ಬಾಣವಿರುವ ಗೆರೆ ಹಾಕಿ, ಅದರ ಮೇಲೆ ಅಂಕಿ ಬರೆಯಬೇಕು. ಸಣ್ಣ ಅಳತೆ ಚಿತ್ರದ ಹತ್ತಿರ, ದೊಡ್ಡದು ಅದರ ಹೊರಗೆ. ಹೀಗೆ ಮಾಡಿದರೆ ಗೆರೆಗಳು ಒಂದನ್ನೊಂದು ಕತ್ತರಿಸುವುದಿಲ್ಲ. ಸಿಂಕಿನ ತೂತು ಮೇಲಿನ ನೋಟದಲ್ಲಿ ಚೆನ್ನಾಗಿ ಕಾಣುವುದರಿಂದ ಅದರ ಅಳತೆ ಅಲ್ಲಿಯೇ ಇರಬೇಕು, ಕಾಣದ ಅಂಚನ್ನು ತೋರಿಸುವ ತುಂಡುಗೆರೆಗೆ ಕಟ್ಟಬಾರದು. ಒಂದು ಅಳತೆಯನ್ನು ಒಂದೇ ಸಲ ಬರೆಯಬೇಕು. 600, 600, 600 ಎಂದು ಮೂರು ತುಂಡನ್ನೂ ಬರೆದು ಒಟ್ಟು 1800 ಎಂದೂ ಬರೆದರೆ, ಒಂದು ಮಿಲಿಮೀಟರ್ ಹೆಚ್ಚಾದಾಗ ಕೆಲಸಗಾರ ಯಾವುದನ್ನು ನಂಬಬೇಕು? ಎಲ್ಲವನ್ನೂ ಒಂದೇ ಅಂಚಿನಿಂದ ಅಳೆದರೆ ತಪ್ಪು ತಪ್ಪಿಗೆ ಸೇರಿಕೊಂಡು ಬೆಳೆಯುವುದಿಲ್ಲ. ಆ ಮೇಜಿಗೆ ಬಲ ಅಂಚಿನಿಂದ ಸಿಂಕಿನ ನಡುವಿಗೆ ಇಷ್ಟು ಎಂಬ ಒಂದೇ ಅಂಕಿ ಇದ್ದಿದ್ದರೆ ಹುಡುಗನ ಮೂರು ತಿಂಗಳ ಹಣ ಉಳಿಯುತ್ತಿತ್ತು.

ಇನ್ನೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮೇಲಿನ ನೋಟವನ್ನು ಎದುರು ನೋಟದ ಕೆಳಗೂ, ಎಡಬದಿಯ ನೋಟವನ್ನು ಬಲಕ್ಕೂ ಬರೆಯುವುದು ವಾಡಿಕೆ. ಅಮೆರಿಕದ ನಕ್ಷೆಗಳಲ್ಲಿ ಮೇಲಿನದು ಮೇಲೆ, ಎಡದ್ದು ಎಡಕ್ಕೆ. ಮೂಲೆಯಲ್ಲಿರುವ ಗುರುತನ್ನು ನೋಡದೆ ಓದಿದವನು ಎಡವನ್ನು ಬಲ ಮಾಡಿಬಿಡುತ್ತಾನೆ. ಭಾರತೀಯ ಮಾನಕ ಬ್ಯೂರೋ ಶಾಲಾ ಕಾಲೇಜುಗಳಿಗಾಗಿ ಹೊರಡಿಸಿದ ಎಸ್.ಪಿ. 46 ಎಂಬ ಪುಸ್ತಕದಲ್ಲಿ (2003ರ ಪರಿಷ್ಕರಣ) ಇದೆಲ್ಲ ಇದೆ, ಇಂಗ್ಲಿಷಿನಲ್ಲಿ.

ಗಿರಣಿಯ ಬಂಧುಗಳಿಗೆ ಮೇಜಿನ ಕಥೆ ಸಣ್ಣದೆನಿಸಬಹುದು. ಅವರಲ್ಲಿ ಸವೆದ ಶಾಫ್ಟನ್ನೇ ಮಾದರಿಯೆಂದು ಲೇತಿನವನಿಗೆ ಕೊಡುವ ರೂಢಿಯುಂಟು. ಸವೆದುದನ್ನು ನೋಡಿ ಮಾಡಿದರೆ ಸವಕಲೇ ಬರುತ್ತದೆ. 6205 ಅಂಕಿಯ ಬೇರಿಂಗಿನ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿ.ಮೀ. ಅದು ಕೂರುವ ಶಾಫ್ಟಿಗೆ ಬರಿಯ 25 ಎಂದು ಬರೆದರೆ ಸಾಲದು. ಎಷ್ಟರಿಂದ ಎಷ್ಟರವರೆಗೆ ಎಂದು ಬರೆಯಬೇಕು. ಬಿಗಿಯಾಗಿ ಕೂರಿಸಲು ಬಳಸುವ ಒಂದು ಮಿತಿಯಲ್ಲಿ ಕೆಳಗಿನ ಅಳತೆ 25.002, ಮೇಲಿನದು 25.015. ಈ ಎರಡು ಅಂಕಿ ಇಲ್ಲದೆ ಕೊಟ್ಟ ಶಾಫ್ಟಿನಲ್ಲಿ ಬೇರಿಂಗ್ ಜಾರಿ ಸುಟ್ಟರೆ "ಫಿಟ್ಟರನಿಗೆ ಕೆಲಸ ಬರದು" ಎಂಬ ಮಾತು ಸಿದ್ಧವಾಗಿರುತ್ತದೆ.

ಮಿಲಿಮೀಟರಿನ ಮಾತೂ ಹೇಳಬೇಕು. ದಶಮಾಂಶದ ತೂಕ ಅಳತೆಗಳು 1958ರ ಅಕ್ಟೋಬರಿನಿಂದ ಈ ದೇಶದಲ್ಲಿ ಜಾರಿಗೆ ಬಂದರೂ ನಮ್ಮ ಊರಿನ ಶೆಡ್ಡುಗಳಲ್ಲಿ ಇಂದಿಗೂ ಇಂಚು, ಸೂತ್ ನಡೆಯುತ್ತಿವೆ. ಎಂಟು ಸೂತ್‌ಗೆ ಒಂದು ಇಂಚು, ಅಂದರೆ 25.4 ಮಿ.ಮೀ. ತಗಡಿಗೆ ಗೇಜ್ ಎನ್ನುತ್ತಾರೆ. ಅದರಲ್ಲಿ ಅಂಕಿ ಹೆಚ್ಚಾದಷ್ಟೂ ತಗಡು ತೆಳು. 18 ಗೇಜ್ ಸುಮಾರು 1.2 ಮಿ.ಮೀ., 20 ಗೇಜ್ ಸುಮಾರು 0.9. ಹೆಚ್ಚು ಅಂಕಿ ಎಂದರೆ ಹೆಚ್ಚು ದಪ್ಪವೆಂದು ನಂಬಿ ಹಣ ಕೊಟ್ಟ ಧಣಿಗಳನ್ನು ನಾವು ಕಂಡಿದ್ದೇವೆ. ದಪ್ಪವನ್ನೂ ಮಿಲಿಮೀಟರಿನಲ್ಲಿಯೇ ಬರೆಯಿಸಬೇಕು.

ಸಂಘವು ಸಂಬಳಕ್ಕಾಗಿ ಹೋರಾಡಲಿ, ಪೆನ್ಸಿಲ್ ಹಿಡಿಸುವುದೇಕೆ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಹಿಡಿದುಕೊಂಡ ಹಣವೂ ಸಂಬಳವೇ ಅಲ್ಲವೇ? ಬೀದರ, ರಾಯಚೂರು, ಉಡುಪಿ ಕಡೆಗಳಿಂದ ಬಂದ ನಮ್ಮ ಹುಡುಗರು ಅಂಕಗಣಿತಕ್ಕೆ ಹೆದರುವವರಲ್ಲ. ಗಲ್ಲಾದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾರೆ. ಐ.ಟಿ.ಐ. ಸೇರಿದ ಮಕ್ಕಳಿಗೆ ನಕ್ಷೆ ಕಷ್ಟವಾಗುವುದು ಇಂಗ್ಲಿಷಿನಿಂದ. ಅದನ್ನು ಭಾನುವಾರ ಮಧ್ಯಾಹ್ನ, ಊಟದ ಗಿರಾಕಿ ಕಡಿಮೆಯಾದ ಮೇಲೆ, ಕನ್ನಡದಲ್ಲಿ ಹೇಳಿಕೊಡಲು ಒಬ್ಬ ಫಿಟ್ಟರ್, ಒಂದು ಹಲಗೆ, ಒಂದು ಸ್ಟೀಲ್ ಸ್ಕೇಲು ಸಾಕು. ಮೊದಲ ಪಾಠಕ್ಕೆ ಅವರವರ ಹೋಟೆಲಿನ ದೋಸೆ ಕಾವಲಿಯ ಸ್ಟ್ಯಾಂಡನ್ನೇ ಅಳೆದು ಬರಲಿ.

ಧಣಿಗಳಲ್ಲಿ ನಮ್ಮ ಬೇಡಿಕೆ ಇಷ್ಟೇ: ಹೊರಗೆ ಮಾಡಿಸುವ ಯಾವ ಸಾಮಾನಿಗೂ ಅಳತೆ ಬರೆದ ನಕ್ಷೆ ಎರಡು ಪ್ರತಿಯಾಗಬೇಕು, ಎರಡರಲ್ಲೂ ಅವರ ಸಹಿ ಇರಬೇಕು. ಒಂದು ಶೆಡ್ಡಿಗೆ, ಇನ್ನೊಂದು ಅದನ್ನು ಒಯ್ಯುವವನ ಜೇಬಿಗೆ.