ಲಿಥಿಯಂ ಬ್ಯಾಟರಿಯ ಭವಿತವ್ಯ

ವಿದ್ಯುತ್ ಗಾಡಿಯನ್ನು ಈಗಲೇ ಕೊಳ್ಳಬೇಕೆ, ಇನ್ನೆರಡು ವರ್ಷ ತಾಳಬೇಕೆ ಎಂದು ಸದಲಗಾದ ವಾಚಕರೊಬ್ಬರು ನಮ್ಮನ್ನು ಕೇಳಿರುವರು. ಕಾರಖಾನೆಯಿಂದ ಬಂದ ಕಬ್ಬಿನ ಹಣವು ಒಮ್ಮೆಗೇ ಕೈಬಿಡುವ ಮಾತಾದುದರಿಂದ ಇದನ್ನು ಹಗುರಾಗಿ ಭಾವಿಸಲಾಗದು. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಅದು ಕೆಟ್ಟರೆ ಉಳಿದುದು ಬರಿಯ ತಗಡು.

ಅವರ ಸಂಶಯಕ್ಕೆ ಕಾರಣವುಂಟು. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಕಾರು ನಮ್ಮ ನಾಡಿನದೇ ಕೂಸು. ಅದರಲ್ಲಿ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದುವು. ಒಮ್ಮೆ ಚಾರ್ಜು ಮಾಡಿದರೆ 80 ಕಿಲೋಮೀಟರ್ ಓಡುವುದೆಂದು ಹೇಳುತ್ತಿದ್ದರು; ಕೆಲವೇ ವರ್ಷಗಳಲ್ಲಿ ಬ್ಯಾಟರಿಗಳನ್ನು ಬದಲಿಸಬೇಕಾಗುತ್ತಿದ್ದಿತು. ಸೀಸವು ಭಾರವಾದ ಲೋಹ. ಕಾರಿನ ಬಲದಲ್ಲಿ ದೊಡ್ಡ ಪಾಲು ತನ್ನ ಬ್ಯಾಟರಿಯನ್ನು ಹೊರುವುದಕ್ಕೇ ಹೋಗುವಂತಿದ್ದಿತು. ಲಿಥಿಯವಾದರೋ ಲೋಹಗಳಲ್ಲೆಲ್ಲ ಹಗುರಾದುದು. 2009ರಲ್ಲಿ ಅದೇ ಕಾರಿಗೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಕೂಡಿಸಿದಾಗ ಓಟವು 120 ಕಿಲೋಮೀಟರಿಗೆ ಏರಿತು. ಆದರೆ ಬೆಲೆಯೋ! 2010ರಲ್ಲಿ ಒಂದು ಯೂನಿಟ್ ವಿದ್ಯುತ್ತನ್ನು ಹಿಡಿಯುವ ಬ್ಯಾಟರಿಗೆ ಜಗತ್ತಿನ ಪೇಟೆಯಲ್ಲಿ ಸಾವಿರ ಡಾಲರಿಗೂ ಮಿಕ್ಕಿದ್ದಿತು. 2024ರಲ್ಲಿ ಅದು ಸರಾಸರಿ 115 ಡಾಲರಿಗೆ ಇಳಿಯಿತು. ರೇವಾದ ಕಾಲದ ಅಂಜಿಕೆಯನ್ನು ಇಂದಿನ ಗಾಡಿಗೆ ಹಚ್ಚುವುದು ಸರಿಯಲ್ಲ.

ನಮ್ಮ ಕಡೆಯ ಬಿಸಿಲಿಗೆ ಹೊಂದುವುದು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಎಂಬ ಬಗೆ. ನಿಕಲ್ಲು ಕೋಬಾಲ್ಟುಗಳು ಕೂಡಿದ ಬಗೆಗಿಂತ ಇದು ತುಸು ಭಾರ, ಆದರೆ ಅಗ್ಗ. ಕಾವನ್ನು ಹೆಚ್ಚು ತಾಳುವುದು, ಹೆಚ್ಚು ಕಾಲ ಬಾಳುವುದು. 2022ರ ಬೇಸಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಸರಕಾರವು ಬ್ಯಾಟರಿಯ ಪರೀಕ್ಷೆಯನ್ನು ಬಿಗಿಗೊಳಿಸಿತು. ಆ ನಿಯಮಗಳು ಅದೇ ವರ್ಷದ ಡಿಸೆಂಬರಿನಿಂದ ಜಾರಿಗೆ ಬಂದುವು. ಅದಕ್ಕೂ ಹಿಂದಿನ ಸ್ಕೂಟರನ್ನು ಅಗ್ಗವೆಂದು ಮನೆಗೆ ತರುವುದನ್ನು ನಾವು ಒಪ್ಪಲಾರೆವು.

ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿದೆ, ಇನ್ನು ಬ್ಯಾಟರಿ ಅಗ್ಗವಾದೀತೆಂದು ಕಾಯುವವರೂ ಇರುವರು. ಮೊದಲು 14,100 ಟನ್ನೆಂದಿದ್ದ ಅಂದಾಜು ಆಮೇಲೆ 1,600 ಟನ್ನಿಗೆ ಬಂದಿತು. ಅದನ್ನು ನಂಬಿ ಕೂಡಬಾರದು.

ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ ಚಿಕ್ಕದು, ಪೆಟ್ರೋಲು ಜೊತೆಗಿರುವುದು. ಮೇಲಿಂದ ಮೇಲೆ ಬೆಂಗಳೂರಿಗೆ ಹೋಗಿಬರುವ ಮನೆಗೆ ಅದು ಲೇಸು. ಸದಲಗಾದಿಂದ ಚಿಕ್ಕೋಡಿಗೋ ನಿಪ್ಪಾಣಿಗೋ ಹೋಗಿ ಸಂಜೆಗೆ ಮರಳುವವರಿಗೆ ವಿದ್ಯುತ್ ಸ್ಕೂಟರು ಸಾಕು, ತಾಳಲು ಕಾರಣವಿಲ್ಲ. ಬಿಸಿಲಲ್ಲಿ ಓಡಿಬಂದ ಗಾಡಿಯನ್ನು ಒಡನೆ ಚಾರ್ಜಿಗೆ ಹಚ್ಚದೆ, ನೆರಳಲ್ಲಿ ಆರಿಸಿ ಹಚ್ಚಬೇಕು. ಕೊಳ್ಳುವಾಗ ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ, ಅದರ ಶಕ್ತಿ ನೂರಕ್ಕೆ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುವರು ಎಂಬೆರಡನ್ನೂ ಅಂಗಡಿಯವರಿಂದ ಬರೆಸಿಕೊಳ್ಳತಕ್ಕದ್ದು.