ಅಡವು ಕಲಿಸುವವರ ಒಡನಾಟ

ಕುಣಿಯುವ ಕಲಾವಿದೆ ಕಲಿಸುವ ಗುರುವಾಗುವ ಹೊತ್ತಿಗೆ ಅವಳಿಗೆ ಬೇಕಾದ ಜನರೇ ಬೇರೆಯಾಗಿರುತ್ತಾರೆ. ಕಲಾವಿದೆಯ ಪರಿಚಯಗಳು ಸಾಮಾನ್ಯವಾಗಿ ಮೇಲ್ಮುಖವಾಗಿ ಬೆಳೆಯುತ್ತವೆ. ಗುರು, ಉತ್ಸವ ಸಮಿತಿಯವರು, ಅಕಾಡೆಮಿಯ ಸದಸ್ಯರು, ವಿಮರ್ಶಕರು, ಹೀಗೆ ಅವಕಾಶ ಕೊಡಬಲ್ಲವರ ಕಡೆಗೆ ಅವು ಚಾಚಿಕೊಂಡಿರುತ್ತವೆ. ಪಾಠದ ಕೋಣೆ ತೆರೆದ ಮೇಲೆ ಆ ಹೆಸರುಗಳಲ್ಲಿ ಬಹುಪಾಲು ಹಿಂದೆ ಸರಿದು, ಸಂಜೆಯ ಹೊತ್ತು ಜಾಗ ಬಿಟ್ಟುಕೊಡುವ ಮುಖ್ಯೋಪಾಧ್ಯಾಯ, ಮಗಳನ್ನು ಕಳಿಸಲು ಇನ್ನೂ ಅನುಮಾನಿಸುತ್ತಿರುವ ತಾಯಿ, ಕರೆದಾಗ ಬರುವ ವಾದ್ಯಗಾರ, ಪಕ್ಕದ ಊರಿನಲ್ಲಿ ಅದೇ ಅಡವುಗಳನ್ನು, ಅಂದರೆ ನೃತ್ಯದ ಮೂಲ ಹೆಜ್ಜೆಗಳನ್ನು, ಕಲಿಸುತ್ತಿರುವ ಇನ್ನೊಬ್ಬ ಶಿಕ್ಷಕಿ ಮುಖ್ಯರಾಗುತ್ತಾರೆ. ಈ ಅಡ್ಡಸಾಲಿನ ಒಡನಾಟವನ್ನು ಕಲೆಯ ಹೊರಗಿನ ವ್ಯವಹಾರವೆಂದು ಎಣಿಸುವುದು ರೂಢಿ. ಬೀದರ ಜಿಲ್ಲೆಯ ಹಲಬರ್ಗಾದಂಥ ಊರಿನಲ್ಲಿ ನಿಂತು ನೋಡಿದರೆ ಅದು ಕಲೆಯ ಸ್ವರೂಪವನ್ನೇ ನಿರ್ಧರಿಸುವ ಸಂಗತಿಯೆಂಬುದು ತಿಳಿಯುತ್ತದೆ.

ಭಾಲ್ಕಿ ತಾಲ್ಲೂಕಿನ ಹಲಬರ್ಗಾ, ವಿಕಾರಾಬಾದಿನಿಂದ ಪರಳಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಬೀದರ ಮತ್ತು ಭಾಲ್ಕಿಗಳ ನಡುವೆ ಬರುತ್ತದೆ. ಇಲ್ಲಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ, ಹೈದರಾಬಾದು ಅದರ ಕಾಲುಭಾಗದಷ್ಟು, ಮಹಾರಾಷ್ಟ್ರದ ಉದಗೀರ್ ಇನ್ನೂ ಹತ್ತಿರ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ, ಭರತನಾಟ್ಯದ ಮೈಸೂರು ಶೈಲಿಯನ್ನು ಪೋಷಿಸಿದ ಅರಮನೆಯ ಆಶ್ರಯವಾಗಲಿ, ಆ ಆಶ್ರಯದ ಸುತ್ತ ಬೆಳೆದ ಗುರುಮನೆಗಳಾಗಲಿ ಇಲ್ಲಿಯವರ ಪಾಲಿಗೆ ಬರಲಿಲ್ಲ. ಪರಂಪರೆಯೆಂದು ಗೌರವದಿಂದ ಕರೆಯುವ ವಸ್ತು ಬಹುಮಟ್ಟಿಗೆ ಇಂಥ ಪರಿಚಯಗಳ ಸರಣಿಯೇ ಆಗಿರುತ್ತದೆ.

ಕೆ. ವೆಂಕಟಲಕ್ಷಮ್ಮನವರ ಬದುಕು ಇದಕ್ಕೆ ಸಾಕ್ಷಿ. 1906ರಲ್ಲಿ ಕಡೂರು ಬಳಿಯ ತಂಗಲಿ ತಾಂಡಾದಲ್ಲಿ, ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಮುಂದೆ ಮೈಸೂರು ಆಸ್ಥಾನದ ನರ್ತಕಿಯಾದರು. ಅಭಿನಯಕ್ಕೆ ಬೇಕಾದ ಸಂಸ್ಕೃತವನ್ನು ಆಸ್ಥಾನದ ವಿದ್ವಾಂಸರಿಂದಲೂ ಸಂಗೀತವನ್ನು ಅಲ್ಲಿಯ ಸಂಗೀತಗಾರರಿಂದಲೂ ಕಲಿತರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಅದರ ಮೊದಲ ರೀಡರ್ ಆಗಿ ಅವರು ತರಗತಿಗೆ ಬಂದರು. 1992ರಲ್ಲಿ ಪದ್ಮಭೂಷಣ ಬಂತು. ತಾಂಡಾದ ಮಗುವೊಂದು ವಿಶ್ವವಿದ್ಯಾಲಯದ ಗುರುಪೀಠಕ್ಕೆ ಏರಿದ ಈ ದಾರಿಯಲ್ಲಿ ಪ್ರತಿಭೆಯ ಪಾಲು ದೊಡ್ಡದಾದರೂ, ಗುರು, ಸಂಗೀತಗಾರ, ಶಾಸ್ತ್ರಜ್ಞ, ಆಶ್ರಯದಾತ ಎಲ್ಲರೂ ಒಂದೇ ಊರಿನಲ್ಲಿ ದೊರೆತದ್ದೂ ಸಣ್ಣ ಮಾತಲ್ಲ. ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿಯೂ ತಾಂಡಾಗಳಿಗೆ ಕೊರತೆಯಿಲ್ಲ; ಮೈಸೂರೊಂದು ಹತ್ತಿರವಿಲ್ಲ, ಅಷ್ಟೆ.

ಹತ್ತಿರ ಇರುವುದು ಬೇರೆ ಬಗೆಯ ಸಂಪತ್ತು. ಈ ಭಾಗದ ಸಂಗೀತ ಹಿಂದೂಸ್ತಾನಿಯದು; ಮಠಗಳ ವಚನಗಾಯನದಲ್ಲಿಯೂ ಊರಿನ ಭಜನೆಯಲ್ಲಿಯೂ ಹಾರ್ಮೋನಿಯಂ ಮತ್ತು ತಬಲಾ ನುಡಿಸುವ ಕೈಗಳು ಸುಲಭವಾಗಿ ಸಿಗುತ್ತವೆ, ಮೃದಂಗದ ಕೈಗಳು ಸಿಗುವುದಿಲ್ಲ. ಭರತನಾಟ್ಯಕ್ಕೆ ಬೇಕಾದುದು ನಟ್ಟುವಾಂಗ, ಅಂದರೆ ಕೈತಾಳ ಹಿಡಿದು, ಸೊಲ್ಲುಕಟ್ಟುಗಳೆಂಬ ತಾಳಾಕ್ಷರಗಳನ್ನು ನುಡಿಯುತ್ತ, ನರ್ತಕಿಯನ್ನೂ ಪಕ್ಕವಾದ್ಯದವರನ್ನೂ ಒಟ್ಟಿಗೆ ನಡೆಸುವ ಕೆಲಸ, ಮತ್ತು ಅದಕ್ಕೆ ಸ್ಪಂದಿಸುವ ಮೃದಂಗ. ಶಿಷ್ಯೆಯ ಮೊದಲ ಪೂರ್ಣ ಪ್ರದರ್ಶನವಾದ ರಂಗಪ್ರವೇಶಕ್ಕೆ ಹಿಮ್ಮೇಳವನ್ನು ದೂರದ ನಗರದಿಂದ ಕರೆಸುವುದೆಂದರೆ ಪ್ರಯಾಣ, ವಸತಿ, ಸಂಭಾವನೆ ಎಲ್ಲವೂ ಹೆತ್ತವರ ತಲೆಯ ಮೇಲೆ ಬೀಳುತ್ತದೆ. ಇಲ್ಲವೆ ಧ್ವನಿಮುದ್ರಿಕೆಯೇ ಗತಿಯಾಗುತ್ತದೆ. ಧ್ವನಿಮುದ್ರಿಕೆಗೆ ಕುಣಿದೇ ಬೆಳೆದ ವಿದ್ಯಾರ್ಥಿನಿ ತಾಳ ಮೀರಿದರೆ ಸರಿಪಡಿಸಿಕೊಳ್ಳುವ ವಿದ್ಯೆಯನ್ನು ಕಲಿಯುವುದೇ ಇಲ್ಲವೆಂಬುದನ್ನು ಯಾವ ಗುರುವಾದರೂ ಒಪ್ಪಿಯಾರು.

ಆದುದರಿಂದ ಊರಿನ ತಬಲಾವಾದಕನೊಡನೆ ಕೂರುವುದು ಇಲ್ಲಿಯ ಶಿಕ್ಷಕಿಯ ಮೊದಲ ಕೆಲಸವಾಗಬೇಕು. ಎಂಟು ಅಕ್ಷರದ ಆದಿತಾಳದ ಎರಡು ಆವರ್ತಗಳು ಹದಿನಾರು ಮಾತ್ರೆಯ ತೀನ್‌ತಾಲಿಗೆ ಲೆಕ್ಕದಲ್ಲಿ ಸರಿಹೊಂದುತ್ತವೆ. ಸೊಲ್ಲು ಬೀಳುವ ಜಾಗ, ಸೊಲ್ಲುಗಳ ಜೋಡಣೆಯಾದ ಜತಿಯನ್ನು ಮುಗಿಸುವ ತೀರ್ಮಾನದ ನಡೆ ಮಾತ್ರ ಬೇರೆ, ಅದನ್ನು ಇಬ್ಬರೂ ತಿಂಗಳುಗಟ್ಟಲೆ ಕೂತು ಹೊಂದಿಸಿಕೊಳ್ಳಬೇಕು. ಕಥಕ್ ಕಲಿಸುವವರಿಗೆ ಈ ತೊಡಕಿಲ್ಲ, ಏಕೆಂದರೆ ತಬಲಾ ಅದರ ಸ್ವಂತ ವಾದ್ಯ, ತಾಳದ ಆವರ್ತವನ್ನು ತೋರುವ ಲೆಹರಾ ಎಂಬ ಸ್ವರಸಾಲನ್ನು ಹಾರ್ಮೋನಿಯಂ ನುಡಿಸಬಲ್ಲದು. ಭರತನಾಟ್ಯವೇ ಶಾಸ್ತ್ರೀಯವೆಂಬ ಪ್ರತಿಷ್ಠೆ ಬೀದರಿನವರೆಗೂ ಬಂದು, ಕೈಗೆಟುಕುವ ಕಥಕ್ ಹಿಂದುಳಿದಿರುವುದು ಸ್ವಲ್ಪ ವಿಚಿತ್ರವೇ.

ಪ್ರಮಾಣಪತ್ರದ ವಿಚಾರವೂ ಒಡನಾಟದ ವಿಚಾರವೇ. ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಒಂದು ಕಡೆ. ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗೆ ಏರುವ, ಮಹಾರಾಷ್ಟ್ರದಲ್ಲಿ ರೂಢಿಯಲ್ಲಿರುವ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು ಇನ್ನೊಂದು ಕಡೆ. ಗಡಿಯ ಶಿಕ್ಷಕಿ ಎರಡನ್ನೂ ಬಲ್ಲವಳಾದರೆ ಮರಾಠಿ ಮನೆಮಾತಿನ ಮಕ್ಕಳೂ ಅವಳ ಬಳಿ ನಿಲ್ಲುತ್ತಾರೆ. ಹೈದರಾಬಾದಿನಲ್ಲಿ ಪ್ರಾದೇಶಿಕ ಕೇಂದ್ರವಿರುವ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ 10ರಿಂದ 14 ವರ್ಷದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ, ಶಾಲಾ ಶಿಕ್ಷಕರಿಗೆ ತರಬೇತಿಯನ್ನೂ ನಡೆಸುತ್ತದೆ. ಆ ಶಿಕ್ಷಕರ ಪರಿಚಯವೆಂದರೆ ಶಾಲೆಯ ಬಾಗಿಲು ಅರ್ಧ ತೆರೆದಂತೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೇಲೇರುವ ಪ್ರತಿಭಾ ಕಾರಂಜಿ ಸ್ಪರ್ಧೆಗಳಲ್ಲಿಯೂ ಇಂಥ ಪರಿಚಯಗಳು ಬೆಳೆಯುತ್ತವೆ.

ಇನ್ನೊಂದು ವರ್ಗವನ್ನು ಶಾಸ್ತ್ರೀಯ ನೃತ್ಯದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಭುಲಾಯಿ ಎಂಬ ಜನಪದ ಹಾಡುಗಳನ್ನು ಹಾಡುವ ಹೆಂಗಸರು, ಕೋಲಾಟದವರು, ತಾಂಡಾದ ನೃತ್ಯಗಾತಿಯರು ಪಾಠದ ಕೋಣೆಯ ಹತ್ತಿರವೇ ಇದ್ದಾರೆ. ಇದೇ ಜಿಲ್ಲೆಯ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೃತ್ಯವಿನೋದ ಭಾಗದಲ್ಲಿ ನರ್ತಕಿಯ ಜೊತೆಗೇ ಊರೂರು ಅಲೆಯುವ ಚಾರಣರಿಗೂ ಮೈಕಸರತ್ತಿನ ಆಟಗಾರರಿಗೂ ಸ್ಥಾನವಿದೆ. ಅರಸನಿಗೆ ಇಲ್ಲದಿದ್ದ ಬಿಗುಮಾನ ಇಂದಿನ ಪಾಠಶಾಲೆಗೆ ಎಲ್ಲಿಂದ ಬಂತೋ.

ಕೊನೆಯ ತೊಡಕು ಪೈಪೋಟಿಯದು. ಇರುವ ಕೆಲವೇ ಶಿಕ್ಷಕಿಯರು ಶಿಷ್ಯರು ಕೈತಪ್ಪಿಯಾರೆಂಬ ಅಂಜಿಕೆಯಿಂದ ಪರಸ್ಪರ ದೂರ ಉಳಿದರೆ ವಾದ್ಯಗಾರನಿಗೆ ಯಾರ ಬಳಿಯೂ ಹೊಟ್ಟೆ ತುಂಬುವಷ್ಟು ಕೆಲಸವಿರುವುದಿಲ್ಲ, ಆತ ಬೇರೆ ಕಸುಬು ಹಿಡಿಯುತ್ತಾನೆ. ಬೀದರ, ಭಾಲ್ಕಿ, ಔರಾದಗಳ ಮೂವರು ಶಿಕ್ಷಕಿಯರು ಒಬ್ಬನೇ ತಬಲಾವಾದಕನನ್ನು ವಾರದ ದಿನಗಳಲ್ಲಿ ಹಂಚಿಕೊಂಡು, ವರ್ಷಕ್ಕೊಮ್ಮೆ ಬೀದರಿನ ಚನ್ನಬಸವ ಪಟ್ಟದ್ದೇವರ ರಂಗಮಂದಿರದ ಬಾಡಿಗೆಯನ್ನು ಮೂರು ಪಾಲು ಮಾಡಿ ತಮ್ಮೆಲ್ಲ ಮಕ್ಕಳನ್ನೂ ಒಂದೇ ಸಂಜೆ ರಂಗಕ್ಕೆ ತರುವುದಾದರೆ, ಅದಕ್ಕೆ ಬೆಂಗಳೂರಿನ ಯಾರ ಅಪ್ಪಣೆಯೂ ಬೇಕಾಗಿಲ್ಲ.